ಸ್ಕೀಯಿಂಗ್ ಊರು ಆಸ್ಪೆನ್‌ಗೆ ಸಂಗೀತ ಬಂದದ್ದು ಹೇಗೆ?

ಪ್ರಶ್ನೆ: ಅಮೆರಿಕದ ಆಸ್ಪೆನ್ ಅಂದ್ರೆ ಹಿಮ, ಸ್ಕೀಯಿಂಗ್. ಅಂಥ ಊರಲ್ಲಿ ಬೇಸಿಗೆ ಬಂತೆಂದರೆ ದೊಡ್ಡ ಸಂಗೀತೋತ್ಸವ, ವಿಚಾರಗೋಷ್ಠಿ ನಡೆಯೋದು ಯಾಕೆ?

ಉತ್ತರ: ಆಸ್ಪೆನ್‌ನಲ್ಲಿ ಸ್ಕೀ ಲಿಫ್ಟ್ (ಸ್ಕೀ ಮಾಡುವವರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಯಂತ್ರ) ಬರುವುದಕ್ಕೆ ಅರ್ಧ ಶತಮಾನ ಮೊದಲೇ ಒಪೆರಾ ಹೌಸ್, ಅಂದ್ರೆ ಸಂಗೀತ-ನಾಟಕದ ರಂಗಮಂದಿರ ಇತ್ತು!

ಕೊಲೊರಾಡೊದ ಈ ಕಣಿವೆಗೆ 1879ರಲ್ಲಿ ಬೆಳ್ಳಿ ಹುಡುಕಿಕೊಂಡು ಜನ ಬಂದರು. ಅದು ಯೂಟ್ ಬುಡಕಟ್ಟಿನವರ ನೆಲ. ಎರಡೇ ವರ್ಷದಲ್ಲಿ ಅವರನ್ನು ಯೂಟಾ ಕಡೆಗೆ ಅಟ್ಟಿದರು. ಊರಿನ ಕಥೆಯಲ್ಲಿ ಇದನ್ನು ಮರೆಯಬಾರದು. ಬೆಳ್ಳಿಯ ದುಡ್ಡಲ್ಲಿ ಊರು ಬೆಳೆಯಿತು. ನ್ಯೂಯಾರ್ಕಿನ ವ್ಯಾಪಾರಿ ಜೆರೋಮ್ ವೀಲರ್ ನೆರವಿನಿಂದ 1889ರಲ್ಲಿ ಹೋಟೆಲ್ ಜೆರೋಮ್, ವೀಲರ್ ಒಪೆರಾ ಹೌಸ್ ಎರಡೂ ಎದ್ದವು.

1893ರಲ್ಲಿ ಸರ್ಕಾರ ಬೆಳ್ಳಿ ಕೊಳ್ಳುವುದನ್ನು ನಿಲ್ಲಿಸಿತು. ಬೆಲೆ ಬಿತ್ತು, ಗಣಿಗಳು ಮುಚ್ಚಿದವು. ಮರುವರ್ಷ ಸ್ಮಗ್ಲರ್ ಗಣಿಯಲ್ಲಿ 800 ಕಿಲೋಗೂ ಜಾಸ್ತಿ ತೂಕದ ಬೆಳ್ಳಿಗಟ್ಟಿ ಸಿಕ್ಕಿತು. ಆದರೂ ಊರು ಚೇತರಿಸಿಕೊಳ್ಳಲಿಲ್ಲ. 1890ರಲ್ಲಿ 5,000 ಮೀರಿದ್ದ ಜನಸಂಖ್ಯೆ 1930ಕ್ಕೆ ಸುಮಾರು 700. ಹಳೇ ಕಟ್ಟಡ ಕೆಡವಿ ಹೊಸದು ಕಟ್ಟಲು ಯಾರ ಕೈಲೂ ದುಡ್ಡಿರಲಿಲ್ಲ. ಅವು ಉಳಿದದ್ದೇ ಹಾಗೆ.

1945ರಲ್ಲಿ ಷಿಕಾಗೋದ ರಟ್ಟಿನ ಡಬ್ಬಿ ಉದ್ಯಮಿ ವಾಲ್ಟರ್ ಪೇಪ್ಕೆಯನ್ನು ಹೆಂಡತಿ ಎಲಿಜಬೆತ್ ಇಲ್ಲಿಗೆ ಕರೆತಂದರು. ಊರನ್ನು ಮೊದಲೇ ನೋಡಿ ಮೆಚ್ಚಿದ್ದವರು ಆಕೆ. ಸ್ಕೀಯಿಂಗ್ ಕನಸು ಕಂಡವರು ಮಾತ್ರ ಆಸ್ಟ್ರಿಯಾದಿಂದ ಬಂದಿದ್ದ ಫ್ರೀಡ್ಲ್ ಫೈಫರ್. ಅಮೆರಿಕದ ಪರ್ವತ ಸೇನಾದಳದಲ್ಲಿದ್ದು, ಇಟಲಿಯಲ್ಲಿ ಗಾಯಗೊಂಡು ಬಂದವರು. ಪೇಪ್ಕೆ, ಫೈಫರ್ ಇಬ್ಬರೂ ಕೈಜೋಡಿಸಿದರು. 1946-47ರ ಚಳಿಗಾಲದಲ್ಲಿ ಮೊದಲ ಚೇರ್‌ಲಿಫ್ಟ್ ಓಡಿತು.

ಪೇಪ್ಕೆಗೆ ಬರೀ ಹಿಮ ಸಾಕಾಗಲಿಲ್ಲ. ಮೈಯಷ್ಟೇ ಅಲ್ಲ, ಮನಸ್ಸೂ ಅರಳುವ ಊರು ಅವರಿಗೆ ಬೇಕಿತ್ತು. 1949ರಲ್ಲಿ ಜರ್ಮನ್ ಕವಿ ಗಯಟೆಯ 200ನೇ ಹುಟ್ಟುಹಬ್ಬವನ್ನು ಇಲ್ಲೇ ಮಾಡಿಸಿದರು. ವಾಸ್ತುಶಿಲ್ಪಿ ಈರೋ ಸಾರಿನೆನ್ ವಿನ್ಯಾಸ ಮಾಡಿದ ಡೇರೆಯಲ್ಲಿ ಸಭೆ, ಸಂಗೀತ. ಆಫ್ರಿಕಾದಲ್ಲಿ ಆಸ್ಪತ್ರೆ ನಡೆಸುತ್ತಿದ್ದ ಆಲ್ಬರ್ಟ್ ಶ್ವೈಟ್ಸರ್ ಅಷ್ಟು ದೂರದಿಂದ ಬಂದು ಮಾತಾಡಿದರು. ಜೀವಮಾನದಲ್ಲಿ ಅವರು ಅಮೆರಿಕಕ್ಕೆ ಬಂದದ್ದು ಅದೊಂದೇ ಸಲ. ವಿಶ್ವಯುದ್ಧ ಮುಗಿದು ಇನ್ನೂ ನಾಲ್ಕೇ ವರ್ಷ, ಆಗ ಜರ್ಮನ್ ಕವಿಯೊಬ್ಬನನ್ನು ಅಮೆರಿಕದಲ್ಲಿ ಕೊಂಡಾಡುವುದು ಸುಮ್ನೆ ಮಾತಲ್ಲ. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾಗುವ ಭಾಗ ಇದು.

ಇವತ್ತಿನ ಸಂಗೀತೋತ್ಸವದ ಬೇರು ಅಲ್ಲೇ ಇದೆ. ವಿಚಾರಗೋಷ್ಠಿ ನಡೆಸುವ ಆಸ್ಪೆನ್ ಇನ್‌ಸ್ಟಿಟ್ಯೂಟ್ ಕೂಡ ಅದರಿಂದಲೇ ಹುಟ್ಟಿತು. 1962ರಲ್ಲಿ ಭೌತವಿಜ್ಞಾನ ಕೇಂದ್ರವೂ ಬಂತು.

ಹೆಸರು ಬೆಳೆದಂತೆ ಮನೆ ಬೆಲೆಯೂ ಏರಿತು. ಹೋಟೆಲ್, ಲಿಫ್ಟ್‌ಗಳಲ್ಲಿ ದುಡಿಯುವ ಎಷ್ಟೋ ಜನ ಈಗ ಕಣಿವೆಯ ಕೆಳಗಿನ ಊರುಗಳಿಂದ ಬಸ್ಸಿನಲ್ಲಿ ಬರುತ್ತಾರೆ. ದುಡಿಯುವವರಿಗೆಂದೇ ಸ್ಥಳೀಯ ಆಡಳಿತ ಸಾವಿರಾರು ಮನೆಗಳನ್ನು ಕಾಯ್ದಿರಿಸಿದೆ. ಆದರೂ ಅವು ಸಾಲುತ್ತಿಲ್ಲ.