ಮೊದಲ ಗುಳಿಗೆಗೂ ಮೊದಲು

ಜಗಳೂರು ಕಡೆಯ ಒಬ್ಬ ಅಜ್ಜಿ. ಸಕ್ಕರೆ ಕಾಯಿಲೆ ಇತ್ತು. ಉರಿಮೂತ್ರ ಶುರುವಾಗಿ ತಿಂಗಳಾಗಿತ್ತು. ಚೀಟಿ ಇಲ್ಲದೆ ಮೆಡಿಕಲ್ ಶಾಪಿನಿಂದ ಮೂರು ಸಲ ಗುಳಿಗೆ ತರಿಸಿ ನುಂಗಿದ್ದರು. ಎರಡು ದಿನಕ್ಕೆ ಉರಿ ಕಡಿಮೆ, ಗುಳಿಗೆ ಬಂದ್, ವಾರಕ್ಕೆ ಮತ್ತೆ ಉರಿ. ಕೊನೆಗೆ ಚಳಿಜ್ವರ ಬಂದು, ಪಕ್ಕೆ ಹಿಡಿದುಕೊಂಡು ದಾವಣಗೆರೆಯಲ್ಲಿ ಅಡ್ಮಿಟ್ ಆದರು. ಮಗ ನಮ್ಮ ಲ್ಯಾಬಿನ ಬಾಗಿಲಿಗೇ ಬಂದ. "ರಿಪೋರ್ಟಿಗೆ ಎರಡು ದಿನ ಯಾಕ್ ಮೇಡಂ? ಅವ್ವಗೆ ಇನ್ನೂ ಪವರ್ ಇರೋ ಇಂಜೆಕ್ಷನ್ ಹಾಕ್ಸಿ" ಅಂದ.

ಎರಡು ದಿನ ಬೇಕೇ ಬೇಕು. ಮೂತ್ರದ ಹನಿಯನ್ನು ಬ್ಯಾಕ್ಟೀರಿಯಾಕ್ಕೆ ಆಹಾರ ಇರುವ ಪ್ಲೇಟಿನ ಮೇಲೆ ಗೀರಿ, ಮೈಬಿಸಿಯಷ್ಟೇ ಬಿಸಿ ಇರುವ ಪೆಟ್ಟಿಗೆಯಲ್ಲಿ ಇಡುತ್ತೇವೆ. ಬ್ಯಾಕ್ಟೀರಿಯಾ ಕಣ್ಣಿಗೆ ಕಾಣುವಷ್ಟು ಬೆಳೆಯಲು ಒಂದು ರಾತ್ರಿ ಹಿಡಿಯುತ್ತದೆ. ಇದಕ್ಕೇ ಕಲ್ಚರ್ ಅನ್ನುವುದು. ಮರುದಿನ ಅದನ್ನು ಇನ್ನೊಂದು ಪ್ಲೇಟಿನ ತುಂಬ ಸವರಿ, ಆಂಟಿಬಯೋಟಿಕ್ ಇರುವ ಸಣ್ಣ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ದುಂಡಗೆ ಖಾಲಿ ಜಾಗ. ನಾಟದಿದ್ದರೆ ಬಿಲ್ಲೆಯ ಅಂಚಿನವರೆಗೂ ಬೆಳೆ. ಅಜ್ಜಿಯ ಪ್ಲೇಟಿನಲ್ಲಿ ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಸಿಪ್ರೋಫ್ಲಾಕ್ಸಾಸಿನ್ ಮೂರರ ಸುತ್ತಲೂ ಬೆಳೆದು ನಿಂತಿತ್ತು.

ಅದು ಇ. ಕೊಲೈ ಅನ್ನುವ ಬ್ಯಾಕ್ಟೀರಿಯಾ. ನಮ್ಮೆಲ್ಲರ ಕರುಳಿನಲ್ಲೂ ಇರುತ್ತದೆ. ಮೂತ್ರದ ಸೋಂಕು ಜಾಸ್ತಿ ಬರುವುದು ಅದರಿಂದಲೇ. ಆದರೆ ಈ ತಳಿ ಇಎಸ್‌ಬಿಎಲ್ ಅನ್ನುವ ಕಿಣ್ವ ತಯಾರಿಸುತ್ತಿತ್ತು. ಸೆಫ್ಟ್ರಿಯಾಕ್ಸೋನ್‌ನಂಥ ಔಷಧಿಯನ್ನು ಆ ಕಿಣ್ವ ಒಡೆದು ಹಾಕುತ್ತದೆ. "ನನ್ನ ಮೈಗೆ ಆ ಗುಳಿಗೆ ಒಗ್ಗಿಹೋಗಿದೆ" ಅನ್ನುತ್ತಾರಲ್ವಾ? ಮೈಗೆ ಏನೂ ಆಗಿರುವುದಿಲ್ಲ. ಬದಲಾಗಿರುವುದು ಬ್ಯಾಕ್ಟೀರಿಯಾ. ಪ್ರತಿ ಸಲ ಗುಳಿಗೆ ನುಂಗಿದಾಗಲೂ ಕರುಳಿನಲ್ಲಿ ಸಾಧುಗಳು ಸಾಯುತ್ತವೆ, ಬಗ್ಗದವು ಉಳಿದು ಹೆಚ್ಚುತ್ತವೆ. ಆ ಕಿಣ್ವದ ಜೀನನ್ನು ಇ. ಕೊಲೈ ಪಕ್ಕದಲ್ಲಿರುವ ಕ್ಲೆಬ್ಸಿಯೆಲ್ಲಾ ಅನ್ನುವ ಬೇರೆ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲದು. ವಾರ್ಡಿನಲ್ಲಿ ಅದು ಒಂದು ಬೆಡ್‌ನಿಂದ ಇನ್ನೊಂದಕ್ಕೆ ಹೋಗಲು ತೊಳೆಯದ ಒಂದು ಕೈ ಸಾಕು.

ನನಗೆ ಹೊಟ್ಟೆ ಉರಿದದ್ದು ಅದೇ ಪ್ಲೇಟಿನ ಇನ್ನೊಂದು ಬಿಲ್ಲೆ ನೋಡಿ. ನೈಟ್ರೋಫ್ಯುರಾಂಟಾಯಿನ್. 1950ರ ದಶಕದ ಹಳೇ ಔಷಧಿ, ಬೆಲೆಯೂ ಕಡಿಮೆ. ಅದರ ಸುತ್ತ ಅಗಲವಾದ ಖಾಲಿ ಜಾಗ! ಬರೀ ಉರಿ ಇದ್ದಾಗಲೇ ಕಲ್ಚರ್ ಮಾಡಿಸಿದ್ದರೆ ಆ ಗುಳಿಗೆಯಲ್ಲೇ ಮುಗಿಯಬಹುದಿತ್ತು. ಅದು ಮೂತ್ರದಲ್ಲಿ ಸೇರಿಕೊಂಡು ಕೆಲಸ ಮಾಡುವ ಔಷಧಿ. ಸೋಂಕು ಕಿಡ್ನಿಗೆ ಏರಿದ ಮೇಲೆ ಸಾಕಾಗುವುದಿಲ್ಲ. ಹಾಗಾಗಿ ಅಜ್ಜಿಗೆ ದಿನಕ್ಕೆ ಮೂರು ಸಲ ಮೆರೋಪೆನೆಮ್ ಅನ್ನುವ ಆಂಟಿಬಯೋಟಿಕ್, ನರಕ್ಕೆ ಇಂಜೆಕ್ಷನ್. ಅದೂ ನಾಟದ ತಳಿಗಳನ್ನು ನಾವೀಗ ಲ್ಯಾಬಿನಲ್ಲಿ ನೋಡುತ್ತಿದ್ದೇವೆ.

ಇನ್ನು ಮೆಡಿಕಲ್ ಶಾಪಿನ ಮಾತು. ಸೆಫಿಕ್ಸಿಮ್ ಸರ್ಕಾರದ ಎಚ್1 ಅನ್ನುವ ಪಟ್ಟಿಯಲ್ಲಿರುವ ಔಷಧಿ. ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಕೊಂಡ ರೋಗಿಯ ಹೆಸರು, ಬರೆದ ಡಾಕ್ಟರ ಹೆಸರು ಅಂಗಡಿಯವರು ಬೇರೆಯೇ ಪುಸ್ತಕದಲ್ಲಿ ಬರೆದಿಡಬೇಕು. 2014ರ ಮಾರ್ಚ್‌ನಿಂದ ಇರುವ ನಿಯಮ ಇದು. ಗುಳಿಗೆಯ ಸ್ಟ್ರಿಪ್ ಮೇಲೆ ಕೆಂಪು ಗೆರೆ ಕಂಡರೆ ಚೀಟಿ ಬೇಕು ಅಂತಲೇ ಅರ್ಥ.

ಜ್ವರ ಜೋರಾಗಿ ಬಿಪಿ ಇಳಿದಿದ್ದರೆ ರಿಪೋರ್ಟಿಗೆ ಕಾಯಲು ಆಗುವುದಿಲ್ಲ. ಆಗ ಕಲ್ಚರಿಗೆ ರಕ್ತ, ಮೂತ್ರ ತೆಗೆದ ಕೂಡಲೇ ಡಾಕ್ಟರು ಔಷಧಿ ಶುರು ಮಾಡಿ, ರಿಪೋರ್ಟ್ ಬಂದ ಮೇಲೆ ಬದಲಿಸುತ್ತಾರೆ. ಅಜ್ಜಿಗೂ ಹಾಗೇ ಮಾಡಿದರು. ಆಂಟಿಬಯೋಟಿಕ್ ನುಂಗಿ ಆಮೇಲೆ ಮೂತ್ರ ಕೊಟ್ಟರೆ, ಸೋಂಕು ಇದ್ದರೂ ಪ್ಲೇಟಿನಲ್ಲಿ ಏನೂ ಬೆಳೆಯದೇ ಹೋಗಬಹುದು.

ಇನ್ನೊಂದು ಮಾತು. ಎಷ್ಟೋ ಜನ ಬೆಳಗ್ಗೆ ಊರಲ್ಲೇ ಮೂತ್ರವನ್ನು ಬಾಟಲಿಗೆ ಹಿಡಿದು, ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಾರೆ. ಬೆಚ್ಚಗಿದ್ದರೆ ಇ. ಕೊಲೈ 20 ನಿಮಿಷಕ್ಕೆ ದುಪ್ಪಟ್ಟಾಗಬಲ್ಲದು. ದಾವಣಗೆರೆ ಬಿಸಿಲಲ್ಲಿ ಆ ಬಾಟಲಿ ಇಳಿಯುವ ಹೊತ್ತಿಗೆ ಸೋಂಕಿಲ್ಲದವರದ್ದೂ ಸೋಂಕಿನಂತೆ ಕಾಣಬಹುದು. ಲ್ಯಾಬಿಗೇ ಬಂದು ಕೊಡಿ. ನಾವು ಕೊಡುವ ಬಾಟಲಿಯಲ್ಲೇ ಹಿಡಿಯಿರಿ. ಮೊದಲ ಧಾರೆ ಬಿಟ್ಟು ನಡುವಿನದ್ದನ್ನು ಹಿಡಿಯಿರಿ.