ಕಾಯಿಲೆಯ ಹೆಸರು ಹೇಳಿದರೆ ಸಿನಿಮಾ ಮುಗಿಯಿತೇ?

ಕೊನೆಯಲ್ಲಿ ಏನಾಯಿತೆಂದು ಬಿಡಿಸಿ ಹೇಳದ ಸೈಕಲಾಜಿಕಲ್ ಥ್ರಿಲ್ಲರ್ ಒಂದು ತೆರೆಗೆ ಬಂದರೆ ಸಾಕು, ಮುಂಬೈ ಕಡೆಯ ಮಾಟುಂಗಾ, ಡೊಂಬಿವಲಿಯ ಪರಿಚಿತರಿಂದ ನನಗೆ ಫೋನು ಶುರು. "ಡಾಕ್ಟ್ರೇ, ಆ ಹುಡುಗಿಗಿದ್ದದ್ದು ಸ್ಕಿಜೋಫ್ರೇನಿಯಾ ಅಲ್ವಾ?" ಎಂದು ಗಂಡ. "ಅಲ್ಲ ಮಾರಾಯ್ರೇ, ಸ್ಪ್ಲಿಟ್ ಪರ್ಸನಾಲಿಟಿ" ಎಂದು ಪಕ್ಕದಿಂದ ಹೆಂಡತಿ. ಇನ್ನೊಬ್ಬರಿಗೆ ಟಿಕೆಟಿನ ದುಡ್ಡು ದಂಡವಾಯಿತೆಂಬ ಸಿಟ್ಟು. ಸಿಟ್ಟಾದವರ ಮೇಲೆ ನನಗೆ ಪ್ರೀತಿ ಹೆಚ್ಚು. ಅರ್ಥವಾಗಲಿಲ್ಲ ಎಂದಾದರೂ ಒಪ್ಪುತ್ತಾರೆ.

ಅರ್ಧಕ್ಕೆ ಬಿಟ್ಟ ಕಥೆಯನ್ನು ತಾನೇ ತುಂಬಿಕೊಳ್ಳುವುದು ಮನಸ್ಸಿನ ಜಾಯಮಾನ. 1944ರಲ್ಲಿ ಹೈಡರ್ ಮತ್ತು ಸಿಮ್ಮೆಲ್ ಎಂಬ ಮನೋವಿಜ್ಞಾನಿಗಳು ಒಂದು ಪುಟ್ಟ ಚಿತ್ರ ಮಾಡಿದರು. ಅದರಲ್ಲಿ ಇದ್ದದ್ದು ಓಡಾಡುವ ಎರಡು ತ್ರಿಕೋನ, ಒಂದು ವೃತ್ತ, ಬಾಗಿಲಿರುವ ಒಂದು ಆಯತ. ಕಂಡದ್ದನ್ನು ಬರೆಯಿರಿ ಎಂದಾಗ 34 ಜನರಲ್ಲಿ ಒಬ್ಬರು ಮಾತ್ರ ತ್ರಿಕೋನ, ವೃತ್ತ ಎಂದೇ ಬರೆದರು. ಉಳಿದವರಿಗೆಲ್ಲ ಅವು ಜೀವಿಗಳಾಗಿ ಕಂಡವು. ಜಗಳ, ಬೆನ್ನಟ್ಟುವಿಕೆ ಎಲ್ಲವೂ ಕಂಡವು. ದಣಿವು, ಗದ್ದಲ, ಅವಸರ ಇದ್ದಾಗಲಂತೂ ಸಿಕ್ಕ ಮೊದಲ ಉತ್ತರವನ್ನೇ ಹಿಡಿದುಕೊಳ್ಳುತ್ತೇವೆ ಎಂಬುದನ್ನು ಮನೋವಿಜ್ಞಾನಿ ಕ್ರುಗ್ಲಾನ್ಸ್ಕಿ ಮತ್ತವರ ಸಂಗಡಿಗರು ತೋರಿಸಿದ್ದಾರೆ. ರಾತ್ರಿ ಶೋ ಮುಗಿಸಿ ಕೊನೆಯ ಲೋಕಲ್‌ಗೆ ಓಡುವ ಮುಂಬೈಯವರಿಗೆ ಈ ಮೂರೂ ಇರುತ್ತವೆ.

ಆದರೆ ಆ ಉತ್ತರ ಕಾಯಿಲೆಯ ಹೆಸರೇ ಏಕಾಗಬೇಕು? ಅದರಲ್ಲಿ ಸಿನಿಮಾದವರ ಪಾಲೂ ಇದೆ. 2004ರ 'ಆಪ್ತಮಿತ್ರ'ದಲ್ಲಿ ಮನೋವೈದ್ಯರೇ ಬಂದು ಗಂಟು ಬಿಡಿಸುತ್ತಾರೆ. ನೋಡಲು ಸೊಗಸು, ನಮ್ಮ ಕ್ಲಿನಿಕ್ಕಿನಲ್ಲಿ ಹಾಗೆ ಒಂದೇ ರಾತ್ರಿಯಲ್ಲಿ ಯಾರೂ ಗುಣವಾಗುವುದಿಲ್ಲ. ಇನ್ನು ನಿಜದ ಅರಿವು ತಪ್ಪುವ ಸ್ಕಿಜೋಫ್ರೇನಿಯಾಕ್ಕೂ ಒಬ್ಬರಲ್ಲೇ ಎರಡು ವ್ಯಕ್ತಿತ್ವ ಕಾಣುವ 'ಸ್ಪ್ಲಿಟ್ ಪರ್ಸನಾಲಿಟಿ'ಗೂ ಸಂಬಂಧವೇ ಇಲ್ಲ, ಅವು ಬೇರೆ ಬೇರೆ ಗುಂಪಿನ ಕಾಯಿಲೆಗಳು. ಸ್ಕಿಜೋಫ್ರೇನಿಯಾದಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಕಿವಿಗೆ ದನಿ ಕೇಳುವುದೇ ಹೆಚ್ಚು. ಇಲ್ಲದ ಮನುಷ್ಯರು ಕಾಣುತ್ತಿದ್ದಾರೆ ಎಂದು ಯಾರಾದರೂ ಬಂದರೆ ಕುಡಿತ, ಮಾದಕ ವಸ್ತು, ಜ್ವರದ ಸನ್ನಿ, ಮಿದುಳಿನ ತೊಂದರೆಗಳನ್ನೂ ನಾವು ತಪ್ಪದೆ ಪರೀಕ್ಷಿಸುತ್ತೇವೆ. ಕ್ಯಾಮೆರಾಕ್ಕೆ ದನಿಗಿಂತ ಮುಖ ಸುಲಭ, ಅಷ್ಟೇ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಗಂಡನಿಗೆ ಬೇರೊಬ್ಬಳ ಸಂಗ ಇದೆಯೆಂಬ ಸಂಶಯರೋಗದಿಂದ ನರಳುವ ಹೆಂಗಸಿಗೆ ಗಂಡ ನಿಜವಾಗಿಯೂ ಮೋಸ ಮಾಡುತ್ತಿರಬಹುದು. ಎರಡೂ ಒಟ್ಟಿಗೇ ನಿಜವಾಗಿರಬಹುದು. ನಾವು ಕಾಯಿಲೆಯನ್ನು ಗುರುತಿಸುವುದು ಆಕೆ ಆ ನಂಬಿಕೆಗೆ ಬಂದ ದಾರಿ ಮತ್ತು ಅದನ್ನು ಹಿಡಿದುಕೊಂಡಿರುವ ಬಗೆ ನೋಡಿ. ಗಂಡನ ನಡತೆಯ ಮೇಲೆ ತೀರ್ಪು ಕೊಟ್ಟು ಅಲ್ಲ. ಹಾಗಿರುವಾಗ ಯಾರೋ ಬಾಗಿಲು ಬಡಿದರು ಎನ್ನುವ ತೆರೆಯ ಮೇಲಿನ ಹುಡುಗಿಗೆ ಹುಚ್ಚು ಎಂದು ಹೇಳಿಬಿಟ್ಟರೆ, ಬಡಿದವನು ಇದ್ದನೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಂತಾಗುವುದಿಲ್ಲ. ಆಕೆಯ ಮಾತು ಕೇಳುವುದನ್ನು ನಾವು ನಿಲ್ಲಿಸಿದ್ದೇವೆ, ಅಷ್ಟೇ. ಮನೆಗಳಲ್ಲೂ ಇದೇ ನಡೆಯುತ್ತದೆ. ಮಾತ್ರೆ ತೆಗೆದುಕೊಳ್ಳುವ ಸೊಸೆ ಒಡವೆ ಕಾಣುತ್ತಿಲ್ಲ ಎಂದರೆ ಯಾರೂ ಕಪಾಟು ತೆಗೆದು ನೋಡುವುದಿಲ್ಲ.

ವಾದ ಮಾಡುವವರ ನಡುವೆ ಸುಮ್ಮನೆ ಕೂತವರನ್ನೂ ಗಮನಿಸಿ. ತಮಗೋ ಮನೆಯವರಿಗೋ ಇಂಥ ಕಾಯಿಲೆ ಇದ್ದವರು ಆ ಗುಂಪಿನಲ್ಲಿರಬಹುದು. ಸಿನಿಮಾ ನೋಡಿದ ಮೇಲೆ ಒಂದೆರಡು ರಾತ್ರಿ ನಿದ್ದೆ ಕೆಟ್ಟರೆ ಚಿಂತೆಯಿಲ್ಲ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಯಾರೋ ಹಿಂಬಾಲಿಸುತ್ತಿದ್ದಾರೆ ಎನಿಸುತ್ತಿದ್ದರೆ ಹತ್ತಿರದ ಮನೋವೈದ್ಯರನ್ನು ಕಾಣಿ. ಮರಾಠಿ, ಹಿಂದಿಯಲ್ಲಿ ಹೇಳಿಕೊಳ್ಳಲು ತಡವರಿಸುವವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡವೂ ಇದೆ, ಸಂಖ್ಯೆ 14416.