ತತ್ತಿಯೊಳಗಿನ ಕೆಂಪು ಎಳೆಗೆ ದಾರಿ ಹೇಳುವವರು ಯಾರು?

ಪ್ರಶ್ನೆ: “ಜವಾರಿ ಕೋಳಿ ಕಾವಿಗೆ ಕುಂತ ಐದನೇ ದಿನ ತತ್ತಿ ತಗೊಂಡು ಬ್ಯಾಟರಿ ಬೆಳಕಿಗೆ ಹಿಡಿದು ನೋಡಿದೆ. ಒಳಗ ಜ್ಯಾಡರ ಬಲಿಯಂಗ ಕೆಂಪು ಎಳಿ ಹರಡಿದ್ವು. ಎತ್ತ ಹೋಗಬೇಕಂತ ಅವಕ್ಕ ಯಾರು ಹೇಳ್ತಾರ್ರಿ?”
– ಹಾವೇರಿ ಜಿಲ್ಲೆಯ ಓದುಗರೊಬ್ಬರು

ಉತ್ತರ: ಉಸಿರು ಸಾಲದ ಜೀವಕೋಶಗಳೇ ಅವನ್ನು ಕರೆಯುತ್ತವೆ.

ನೀವು ಕಂಡದ್ದು ಹಳದಿಯಿಂದ ಮರಿಗೆ ಆಹಾರ ಒಯ್ಯುವ ರಕ್ತನಾಳಗಳು. ಎರಡನೇ ದಿನವೇ ಹಳದಿಯ ಮೇಲೆ ಅಲ್ಲಲ್ಲಿ ಕೋಶಗಳ ಗುಂಪು ಮೂಡಿ, ಒಂದಕ್ಕೊಂದು ಕೂಡಿ ಕೊಳವೆಯಾಗುತ್ತವೆ. ಆಮೇಲಿನವು ಈ ಕೊಳವೆಗಳಿಂದ ಟಿಸಿಲೊಡೆಯುತ್ತವೆ. ದಾರಿಯ ಪ್ರಶ್ನೆ ಏಳುವುದು ಆಗಲೇ.

ಎಚ್‌ಐಎಫ್ ಎಂಬ ಪ್ರೋಟೀನ್ ಕೋಶದಲ್ಲಿ ಹುಟ್ಟುತ್ತಲೇ ನಾಶವಾಗುತ್ತಿರುತ್ತದೆ. ಬೆಳೆಯುವ ಅಂಗದಲ್ಲಿ ಆಮ್ಲಜನಕ ಕಡಿಮೆಯಾದರೆ ಮಾತ್ರ ಅದು ಉಳಿದುಕೊಂಡು, ವಿಇಜಿಎಫ್ ಎಂಬ ಇನ್ನೊಂದು ಪ್ರೋಟೀನ್ ತಯಾರಾಗುವಂತೆ ಮಾಡುತ್ತದೆ. ಇದು ಹೊರಗೆ ಹರಡುತ್ತದೆ: ಹತ್ತಿರ ದಟ್ಟ, ದೂರ ತೆಳು. ಮಿರ್ಚಿ ಕರಿಯುವ ವಾಸನೆ ಹಿಡಿದು ಅಂಗಡಿ ಹುಡುಕಿದಂತೆ, ರಕ್ತನಾಳದ ಗೋಡೆಯ ಒಂದು ಕೋಶ ಎಳೆಬೆರಳು ಚಾಚಿ ಅತ್ತ ಹೊರಡುತ್ತದೆ. ಹೊರಡುವಾಗ ನಾಚ್ ಎಂಬ ಸಂಕೇತದಿಂದ ಪಕ್ಕದ ಕೋಶಗಳನ್ನು ತಡೆಯುತ್ತದೆ. ನನಗೆ ಅತ್ಯಂತ ಸೋಜಿಗವೆನಿಸುವುದು ಇದೇ. ಎಲ್ಲವೂ ಮುಂದಾಳಾದರೆ ನಾಳ ಆಗುವುದೇ ಇಲ್ಲ. ಹಿಂದೆ ಉಳಿದ ಕೋಶಗಳು ಒಂದು ಎರಡಾಗಿ ಒಡೆಯುತ್ತ ಕೊಳವೆಯನ್ನು ಉದ್ದ ಮಾಡಬೇಕು. ಕರೆಯ ಪ್ರಮಾಣವೂ ಸರಿ ಇರಬೇಕು. ವಿಇಜಿಎಫ್ ಜೀನಿನ ಎರಡು ಪ್ರತಿಗಳಲ್ಲಿ ಒಂದು ಇಲ್ಲದಿದ್ದರೂ ಇಲಿಯ ಭ್ರೂಣ ಗರ್ಭದಲ್ಲೇ ಸಾಯುತ್ತದೆಂದು 1996ರಲ್ಲಿ ಗೊತ್ತಾಯಿತು.

ಇಂಥದೇ ಕರೆಗೆ ಓಗೊಟ್ಟು ಬೆಳೆಯುವ ಇನ್ನೊಂದು ನಾಳ ದುಗ್ಧನಾಳ. ಎರೆಹೊಲದವರಿಗೆ ಬಸಿಗಾಲುವೆ ಏಕೆ ಬೇಕೆಂದು ಹೇಳಬೇಕಿಲ್ಲ. ರಕ್ತನಾಳದಿಂದ ಜಿನುಗಿ ನಿಂತ ದ್ರವವನ್ನು ದುಗ್ಧನಾಳ ಮರಳಿ ರಕ್ತಕ್ಕೆ ಒಯ್ಯುತ್ತದೆ. ಇವು ಅಭಿಧಮನಿಗಳಿಂದಲೇ, ಅಂದರೆ ಹೃದಯಕ್ಕೆ ರಕ್ತ ಮರಳಿಸುವ ನಾಳಗಳಿಂದಲೇ, ಚಿಗುರುತ್ತವೆ ಎಂದು ಅಮೆರಿಕದ ಅಂಗರಚನಾ ವಿಜ್ಞಾನಿ ಫ್ಲಾರೆನ್ಸ್ ಸೇಬಿನ್ ಹಂದಿಯ ಭ್ರೂಣಗಳನ್ನು ಪರೀಕ್ಷಿಸಿ 1902ರಲ್ಲೇ ಹೇಳಿದ್ದರು. ಅಭಿಧಮನಿಯ ಕೆಲವು ಕೋಶಗಳಲ್ಲಿ ಪ್ರಾಕ್ಸ್1 ಎಂಬ ಜೀನ್ ಚಾಲೂ ಆಗಿ ಅವುಗಳ ಗುಣವನ್ನೇ ಬದಲಿಸುತ್ತದೆ. ಅವನ್ನು ಹೊರಗೆ ಕರೆಯುವುದು ವಿಇಜಿಎಫ್ ಬಳಗದ್ದೇ ಆದ ವಿಇಜಿಎಫ್-ಸಿ ಎಂಬ ಪ್ರೋಟೀನ್. ಅದಿಲ್ಲದ ಇಲಿಯ ಭ್ರೂಣದಲ್ಲಿ ಕೋಶಗಳು ಬದಲಾಗುತ್ತವೆ, ಆದರೆ ಕರೆಯುವವರಿಲ್ಲದೆ ಅಭಿಧಮನಿಯಲ್ಲೇ ಕೂತುಬಿಡುತ್ತವೆ.

ಮನುಷ್ಯರಲ್ಲಿ ಆ ಕರೆಯನ್ನು ಕೇಳಿಸಿಕೊಳ್ಳುವ ಪ್ರೋಟೀನಿನಲ್ಲಿ ದೋಷವಿದ್ದರೆ ಮಿಲ್ರಾಯ್ ಕಾಯಿಲೆ ಬರುತ್ತದೆ. ಕೂಸಿನ ಪಾದ ಹುಟ್ಟುವಾಗಲೇ ಬಾತಿರಬಹುದು. ಇದು ಸೊಳ್ಳೆಯಿಂದ ಬರುವ ಆನೆಕಾಲು ರೋಗವಲ್ಲ, ಬಸುರಿಯ ತಪ್ಪಿನಿಂದ ಆದದ್ದೂ ಅಲ್ಲ. ಅಂಥ ಕೂಸು ಮನೆಯಲ್ಲಿದ್ದರೆ ತಾಯಿಯನ್ನು ದೂರದೆ ಮಕ್ಕಳ ಡಾಕ್ಟರ ಹತ್ತಿರ ಕರೆದೊಯ್ಯಿರಿ.